ಬ್ಯಾಟರಿ ಕೊಂಡದ್ದು ಕೊನೆಗೆ: ಮೈಸೂರಿನ ಒಂದು ಮನೆಯ ಸೋಲಾರ್ ಮರುಜೋಡಣೆ

ಕುವೆಂಪುನಗರದ ಎರಡಂತಸ್ತಿನ ಮನೆ. ಅಜ್ಜ, ಅಜ್ಜಿ, ಇಬ್ಬರು ಮಕ್ಕಳ ಸಂಸಾರ, ಎಲ್ಲ ಸೇರಿ ಎಂಟು ಜನ. ಮೀಟರ್ ಒಂದೇ, ಸಿಂಗಲ್ ಫೇಸ್, ಮಂಜೂರಾದ ಲೋಡ್ 5 ಕಿಲೋವ್ಯಾಟ್. ತಾರಸಿಯ ಮೇಲೆ 540 ವ್ಯಾಟಿನ 9 ಪ್ಯಾನೆಲ್, ಅಂದರೆ 4.86 ಕಿಲೋವ್ಯಾಟ್. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಪಡೆದು ಹಾಕಿಸಿದ್ದು, ಹೊರಗೆ ಕೊಟ್ಟ ಕರೆಂಟನ್ನು ಎಳೆದದ್ದರಿಂದ ಕಳೆಯುವ ನೆಟ್ ಮೀಟರ್ ಇದೆ, ಬಿಲ್ಲೂ ಇಳಿದಿದೆ. ಆದರೂ ಮನೆಯವರಿಗೆ ಸಮಾಧಾನವಿರಲಿಲ್ಲ. ಮಟಮಟ ಮಧ್ಯಾಹ್ನ ಕರೆಂಟ್ ಹೋದರೆ, ತಲೆಯ ಮೇಲೆ ಅಷ್ಟು ಬಿಸಿಲಿದ್ದರೂ ಫ್ಯಾನ್ ತಿರುಗುತ್ತಿರಲಿಲ್ಲ. ಬೆಳಿಗ್ಗೆ ಮೂರು ಬಚ್ಚಲಿನ ಗೀಸರುಗಳ ಜೊತೆ ನೀರಿನ ಪಂಪೂ ಶುರುವಾದರೆ ಮೇನ್ ಎಂಸಿಬಿ (ಎಳೆತ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತಿತ್ತು. ಮೆಟ್ಟಿಲ ಕೆಳಗಿನ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಗಳು ಅರ್ಧ ಗಂಟೆಗೆ ಕೈಕೊಡುತ್ತಿದ್ದವು.

ಇದನ್ನೆಲ್ಲ ಸರಿಪಡಿಸಲು ನನ್ನನ್ನು ಕರೆಸಿದರು. ನನಗೂ ಮೊದಲು ಬಂದು ನೋಡಿದವರೊಬ್ಬರು 15 ಯೂನಿಟ್ (ಕಿಲೋವ್ಯಾಟ್-ಗಂಟೆ) ಹಿಡಿಸುವ ಲಿಥಿಯಂ ಬ್ಯಾಟರಿ ಹಾಕಿಸಿ ಎಂದು ಅಂದಾಜುಪಟ್ಟಿ ಕೊಟ್ಟು ಹೋಗಿದ್ದರು. ಅದರಲ್ಲಿ ಮನೆಯ ಯಾವ ಅಳತೆಯೂ ಇರಲಿಲ್ಲ, ಬ್ಯಾಟರಿಯ ಬೆಲೆ ಮಾತ್ರ ಇತ್ತು. ಹಿರಿಯ ಮಗ ಆ ಹಾಳೆ ತೋರಿಸಿ, "ಇಷ್ಟು ದೊಡ್ಡದು ಬೇಕಾ ಸಾರ್?" ಎಂದು ಕೇಳಿದರು. ಅಳೆಯದೆ ಹೇಳುವುದಿಲ್ಲ ಎಂದೆ. ಈ ಕೆಲಸದಲ್ಲಿ ಬ್ಯಾಟರಿಯ ಮಾತು ಕೊನೆಗೆ ಬರಬೇಕು ಎಂಬುದು ನನ್ನ ನಂಬಿಕೆ. ಯಾವ ಕೆಲಸ ಬಿಸಿಲು ಬರುವ ತನಕ ಕಾಯಬಲ್ಲದೋ ಅದನ್ನು ಮೊದಲು ಮಧ್ಯಾಹ್ನಕ್ಕೆ ಸರಿಸಬೇಕು. ಕಾಯಲಾರದ ಕೆಲಸಗಳು ಎಷ್ಟು ಉಳಿಯುತ್ತವೋ ಅಷ್ಟಕ್ಕೆ ಮಾತ್ರ ಬ್ಯಾಟರಿ ಕೊಳ್ಳಬೇಕು.

ಅಳತೆ

ಮೇನ್ ಲೈನಿಗೆ ಒಂದು ಡಿನ್ ರೈಲ್ ಎನರ್ಜಿ ಮೀಟರ್, ಗೀಸರ್, ಪಂಪ್, ಅಡುಗೆಮನೆ ಮತ್ತು ಉಳಿದ ಸರ್ಕ್ಯೂಟುಗಳಿಗೆ ಒಂದೊಂದು ಸಿಟಿ ಕ್ಲಾಂಪ್ (ವೈರಿನ ಸುತ್ತ ಕೂತು ಕರೆಂಟ್ ಅಳೆಯುವ ಬಳೆ) ಹಾಕಿ ದಾಖಲಾಗಲು ಬಿಟ್ಟೆ. ಯಾರಿಗೂ ಅಭ್ಯಾಸ ಬದಲಿಸಿಕೊಳ್ಳಬೇಡಿ ಎಂದು ಹೇಳಿದ್ದೆ. ಅಳೆಯುತ್ತಿದ್ದಾರೆಂದು ಗೊತ್ತಾದ ಕೂಡಲೇ ಜನ ಎಚ್ಚರದಿಂದ ಸ್ವಿಚ್ ಆರಿಸಲು ತೊಡಗುತ್ತಾರೆ, ಆಗ ಅಳತೆ ಕೆಲಸಕ್ಕೆ ಬರುವುದಿಲ್ಲ.

ಬೆಳಿಗ್ಗೆ ಆರರಿಂದ ಏಳೂವರೆವರೆಗೆ 2 ಕಿಲೋವ್ಯಾಟಿನ ಮೂರು ಗೀಸರುಗಳು ಒಟ್ಟಿಗೇ ಇರುತ್ತಿದ್ದವು. ಫ್ರಿಜ್, ದೀಪ ಸೇರಿ ಎಳೆತ 6.4 ಕಿಲೋವ್ಯಾಟ್ ಮುಟ್ಟುತ್ತಿತ್ತು. ಮಂಜೂರಾದದ್ದು 5. ಈಗಿನ ಮೀಟರುಗಳು ಗರಿಷ್ಠ ಬೇಡಿಕೆಯನ್ನೂ ಬರೆದಿಟ್ಟುಕೊಳ್ಳುತ್ತವೆ. ನಿಗದಿತ ಶುಲ್ಕವನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಹಾಕುವುದರಿಂದ ಲೋಡ್ ಹೆಚ್ಚಿಸಿಕೊಂಡರೆ ಪ್ರತಿ ತಿಂಗಳೂ ಆ ಭಾರ ಹೊರಬೇಕು. ಸಂಜೆ ಆರರಿಂದ ಹತ್ತರವರೆಗೆ ದೀಪ, ಫ್ಯಾನ್, ಟಿವಿ, ರೂಟರ್, ಎರಡು ಫ್ರಿಜ್ ಸೇರಿ ಸರಾಸರಿ 380 ವ್ಯಾಟ್. ರಾತ್ರಿ ಹತ್ತರ ಮೇಲೆ ಬೆಳಗಿನ ಆರರವರೆಗೆ 200 ವ್ಯಾಟ್. ಅಂದರೆ ಒಂದು ಇಡೀ ರಾತ್ರಿ ಕರೆಂಟೇ ಇಲ್ಲದಿದ್ದರೂ ಮನೆಗೆ ಬೇಕಾದದ್ದು 3.1 ಯೂನಿಟ್. ಹದಿನೈದು ಯೂನಿಟ್ ಎಲ್ಲಿ, ಇದೆಲ್ಲಿ! ಆ ಅಂದಾಜುಪಟ್ಟಿ ಗೀಸರುಗಳನ್ನೂ ಬ್ಯಾಟರಿಯ ಮೇಲೆ ಓಡಿಸಲು ಹೊರಟಿತ್ತು.

ಮಧ್ಯಾಹ್ನದ ಅಳತೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಹನ್ನೆರಡರ ಸುಮಾರಿಗೆ ಮನೆಯ ವೋಲ್ಟೇಜ್ 251ಕ್ಕೆ ಏರುತ್ತಿತ್ತು. ಆ ಬೀದಿಯಲ್ಲಿ ಇನ್ನೂ ಹಲವು ಮನೆಗಳಿಗೆ ಪ್ಯಾನೆಲ್ ಇದೆ, ಎಲ್ಲರೂ ಒಂದೇ ಹೊತ್ತಿಗೆ ಕರೆಂಟನ್ನು ಹೊರಗೆ ತಳ್ಳುತ್ತಾರೆ. ಕಂಬದಿಂದ ಬರುವ ಸರ್ವಿಸ್ ವೈರ್ ಉದ್ದವಾಗಿದ್ದು ತೆಳುವಾಗಿದ್ದರೆ ವೋಲ್ಟೇಜ್ ಇನ್ನಷ್ಟು ಏರುತ್ತದೆ. ಮಿತಿ ದಾಟಿದರೆ, ಪ್ಯಾನೆಲ್ಲಿನ ಡಿಸಿಯನ್ನು ಮನೆಯ ಎಸಿಯಾಗಿಸುವ ಇನ್ವರ್ಟರ್ ತಾನೇ ಕಳಚಿಕೊಳ್ಳುತ್ತದೆ, ಒಳ್ಳೆ ಬಿಸಿಲಿನ ಹೊತ್ತಿನ ಉತ್ಪಾದನೆ ಕೈತಪ್ಪುತ್ತದೆ.

ಇಲ್ಲಿ ನೆಟ್ ಮೀಟರ್ ಇರುವವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಹಗಲು ಹೊರಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ವಾಪಸ್ ಪಡೆಯುವುದಾದರೆ ಕೆಲಸಗಳನ್ನು ಮಧ್ಯಾಹ್ನಕ್ಕೆ ಸರಿಸಿ ಏನು ಲಾಭ? ದಿನವಿಡೀ ಒಂದೇ ದರ ಇರುವ ತನಕ ಯೂನಿಟ್ ಲೆಕ್ಕದಲ್ಲಿ ಲಾಭ ಕಡಿಮೆಯೇ. ನಮ್ಮ ಲಾಭ ಬೇರೆ ಕಡೆ ಇತ್ತು: ಬೆಳಗಿನ ಗರಿಷ್ಠ ಬೇಡಿಕೆ ಇಳಿಯುತ್ತದೆ, ಮಧ್ಯಾಹ್ನದ ವೋಲ್ಟೇಜ್ ತಗ್ಗುತ್ತದೆ, ಬ್ಯಾಟರಿ ಚಿಕ್ಕದಾಗುತ್ತದೆ. ಜೊತೆಗೆ ದರವೂ ಹೀಗೇ ಇರುವುದಿಲ್ಲ. 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕ ಹಕ್ಕುಗಳ ನಿಯಮಗಳು ಹೊತ್ತಿಗೊಂದು ದರದ ದಾರಿ ತೆರೆದಿವೆ. ರಾಜ್ಯದ ಆಯೋಗ ಗುರುತಿಸುವ ದಿನದ 8 ಸೌರ ಗಂಟೆಗಳಲ್ಲಿ ದರ ಸಾಮಾನ್ಯಕ್ಕಿಂತ ಕನಿಷ್ಠ 20 ಶೇಕಡಾ ಕಡಿಮೆ ಇರಬೇಕು, ಬೇಡಿಕೆಯ ಗಂಟೆಗಳಲ್ಲಿ ಹೆಚ್ಚಿರಬೇಕು ಎನ್ನುತ್ತವೆ ಅವು. ಪಾವಗಡದಲ್ಲೇ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇರುವ ರಾಜ್ಯ ನಮ್ಮದು. ನಮ್ಮಲ್ಲಿ ಹಗಲಿನ ಕರೆಂಟಿಗೂ ಸಂಜೆ ಏಳರ ಕರೆಂಟಿಗೂ ಒಂದೇ ಬೆಲೆ ಬಹುಕಾಲ ನಿಲ್ಲಲಾರದು.

ತಾರಸಿಯ ಹಳೆಯ ಟ್ಯಾಂಕು

ಮೈಸೂರು, ಬೆಂಗಳೂರಿನ ಬಹಳಷ್ಟು ಮನೆಗಳಂತೆ ಇಲ್ಲೂ ಒಂದು ಸೋಲಾರ್ ವಾಟರ್ ಹೀಟರ್ ಇತ್ತು. 200 ಲೀಟರಿನ ಟ್ಯಾಂಕ್, ಪಕ್ಕದಲ್ಲಿ ತಾಮ್ರದ ಕೊಳವೆಗಳ ಚಪ್ಪಟೆ ಕಲೆಕ್ಟರ್. ಗಡಸು ನೀರಿನ ಸುಣ್ಣ ಕಟ್ಟಿ ಕಟ್ಟಿ ಕೊಳವೆಗಳು ಸೋರಿ, ಬೆಸುಗೆಯ ಮೇಲೆ ಬೆಸುಗೆ ಬಿದ್ದು, ಕೊನೆಗೆ ಅದನ್ನು ಬಿಟ್ಟೇಬಿಟ್ಟಿದ್ದರು. ಬಚ್ಚಲುಗಳಿಗೆ ಗೀಸರ್ ಬಂದದ್ದು ಆಮೇಲೆ. ಕಲೆಕ್ಟರ್ ಇದ್ದ ಜಾಗದಲ್ಲಿ ಈಗ ಪ್ಯಾನೆಲ್ ನಿಂತಿವೆ. ಟ್ಯಾಂಕ್ ಮಾತ್ರ ಗಟ್ಟಿಯಾಗಿತ್ತು. ಒಳಗೆ ನೀರು ಕಾಯಿಸುವ 2 ಕಿಲೋವ್ಯಾಟಿನ ಕಾಯಿಲ್, ಸುತ್ತ ಬಿಸಿ ಹಿಡಿದಿಡುವ ಪಫ್ ಹೊದಿಕೆ, ಮೂರೂ ಬಚ್ಚಲಿಗೆ ಇಳಿಯುವ ಬಿಸಿನೀರಿನ ಪೈಪ್ ಹಾಗೆಯೇ ಇದ್ದವು.

ಈ ಟ್ಯಾಂಕಿನ ಲೆಕ್ಕವನ್ನು ಮನೆಯವರ ಮುಂದೆಯೇ ಹಾಕಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.186 ಕಿಲೋಜೂಲ್ ಬೇಕು. 200 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಿದರೆ 29,300 ಕಿಲೋಜೂಲ್. 3,600ರಿಂದ ಭಾಗಿಸಿದರೆ 8.1 ಯೂನಿಟ್. ಸಾಮಾನ್ಯವಾಗಿ ಮನೆಗೆ ಹಾಕುವ 51.2 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಹಿಡಿಯುವುದು 5.12 ಯೂನಿಟ್. ಗುಜರಿಗೆ ಹಾಕೋಣವೆಂದಿದ್ದ ಟ್ಯಾಂಕು ಅದಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಇಟ್ಟುಕೊಳ್ಳಬಲ್ಲದು. ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಕಾಯಿಲ್ ಓಡಿದರೆ ಸಾಕು, ನೀರು ಸಿದ್ಧ.

ಬೆಳಗಿನ ತನಕ ಬಿಸಿ ಉಳಿಯುತ್ತದೆಯೇ? 60ಕ್ಕೆ ಬಿಟ್ಟ ನೀರು ಬೆಳಿಗ್ಗೆ ಆರಕ್ಕೆ 54 ಡಿಗ್ರಿ ಇತ್ತು. ಆಗ ಟ್ಯಾಂಕಿನಲ್ಲಿ ಉಳಿದದ್ದು ಸುಮಾರು 6.7 ಯೂನಿಟ್. ಎಂಟು ಜನ ತಲಾ ಎರಡು ಬಕೆಟ್, ಬಕೆಟ್ಟಿಗೆ 20 ಲೀಟರ್, 40 ಡಿಗ್ರಿಯ ಹದ ಎಂದಿಟ್ಟುಕೊಂಡರೆ ಬೇಕಾದದ್ದು 5.6. ಕೊನೆಗೆ ಹೋಗುವವರಿಗೂ ಬೆಚ್ಚಗಿನ ನೀರು ಸಿಗುತ್ತದೆ. ಗೀಸರುಗಳಿಂದ ಇದೇ ಕೆಲಸ ಆಗುವುದಿಲ್ಲ. 25 ಲೀಟರಿನ ಗೀಸರ್ ಹಿಡಿಯುವುದು ಸರಿಸುಮಾರು ಒಂದು ಯೂನಿಟ್, ಅದನ್ನು ಮಧ್ಯಾಹ್ನ ಕಾಯಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ದೊಡ್ಡ ಪಾಲು ಗೋಡೆಗೆ ಹೋಗಿರುತ್ತದೆ. ಚಿಕ್ಕ ಪಾತ್ರೆಗೆ ಗಾತ್ರಕ್ಕಿಂತ ಮೈ ಹೆಚ್ಚು.

ಒಂದು ಮಾತು ಸೇರಿಸಲೇಬೇಕು. ಕಲೆಕ್ಟರ್ ಸರಿಯಾಗಿರುವವರು ಇದನ್ನು ನೋಡಿ ಬಿಚ್ಚಿಸಬೇಡಿ. ನೀರು ಕಾಯಿಸಲು ಬಿಸಿಲನ್ನು ನೇರವಾಗಿ ಹಿಡಿಯುವ ಕಲೆಕ್ಟರ್ ಅಷ್ಟೇ ಜಾಗದ ಪ್ಯಾನೆಲ್‌ಗಿಂತ ಎಷ್ಟೋ ಮೇಲು.

ಟ್ಯಾಂಕ್ ಕೆಲಸ ಹೀಗೆ ನಡೆಯಿತು. ಕಲೆಕ್ಟರ್ ಬಾಯಿಗಳೆರಡಕ್ಕೂ ಹಿತ್ತಾಳೆ ಡಮ್ಮಿ ಹಾಕಿದೆವು. ಒಳಗಿನ ಸುಣ್ಣವನ್ನು ತಳದ ಡ್ರೈನಿನಿಂದ ತೊಳೆದೆವು. ಮ್ಯಾಗ್ನೀಸಿಯಂ ರಾಡ್ ಸವೆದು ಕಡ್ಡಿಯಾಗಿತ್ತು, ಹೊಸದು ಹಾಕಿದೆವು. ಟ್ಯಾಂಕಿನ ಲೋಹದ ಬದಲು ತಾನು ಸವೆಯುವುದೇ ಅದರ ಕೆಲಸ, ಅದು ಮುಗಿದ ಮೇಲೆ ಟ್ಯಾಂಕ್ ತೂತಾಗಲು ಹೆಚ್ಚು ಕಾಲ ಬೇಡ. ಥರ್ಮೋಸ್ಟಾಟ್ ಜೊತೆಗೆ ಕೈಯಿಂದಲೇ ಮರುಹೊಂದಿಸಬೇಕಾದ ಒಂದು ಬಿಸಿ ಕಟ್‌ಔಟ್ ಬೇರೆಯಾಗಿ ಕೊಟ್ಟೆ. ಗಾಳಿ ಪೈಪ್ ತೆರೆದಿದೆಯೆಂದು ನೀರು ಹಾಯಿಸಿ ಖಚಿತಪಡಿಸಿಕೊಂಡೆವು, ಅದು ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ಪೈಪುಗಳ ಹರಿದ ಫೋಮ್ ತೆಗೆದು ಹೊಸದು ಸುತ್ತಿದೆವು. ಕೆಳಗಿನ ಬಚ್ಚಲಿನ ಗೀಸರ್ ಒಂದನ್ನು ಮಳೆಗಾಲಕ್ಕೆಂದು ಉಳಿಸಿ, ಉಳಿದೆರಡರ ವೈರ್ ಬಿಡಿಸಿದೆ.

ಪಂಪ್

ಸಂಪಿನಿಂದ ಮೇಲಿನ 2,000 ಲೀಟರ್ ಟ್ಯಾಂಕಿಗೆ 1 ಎಚ್‌ಪಿ ಪಂಪ್. ಇದನ್ನೂ ಮಧ್ಯಾಹ್ನಕ್ಕೆ ಹಾಕುವುದು ಸುಲಭ. ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬನನ್ನು ಕಿರಿಯ ಮಗ ಕರೆತಂದರು. ಅವನು ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಅಂಕಲ್, ಹಗಲು ನೀರು ಮೇಲೆತ್ತಿ ರಾತ್ರಿ ಕೆಳಗೆ ಬಿಟ್ಟು ಕರೆಂಟ್ ಮಾಡಬಹುದಲ್ವಾ? ಶರಾವತಿಯಲ್ಲಿ ಹಾಗೇ ಮಾಡ್ತಾರಂತೆ."

ಇಬ್ಬರೂ ಕೂತು ಲೆಕ್ಕ ಹಾಕಿದೆವು. 2,000 ಕಿಲೋ ನೀರು, 12 ಮೀಟರ್ ಎತ್ತರ, 9.81ರಿಂದ ಗುಣಿಸಿದರೆ 235 ಕಿಲೋಜೂಲ್. ಅಂದರೆ 0.065 ಯೂನಿಟ್. ಒಂದು ಚೂರೂ ನಷ್ಟವಾಗದೆ ವಾಪಸ್ ಬಂದರೂ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಏಳು ಗಂಟೆ ಉರಿಯುತ್ತದೆ. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2,000 ಮೆಗಾವ್ಯಾಟಿನ ಯೋಜನೆಯನ್ನು ಜನ ಯೋಚಿಸುವುದು ಅಲ್ಲಿ ನೂರಾರು ಮೀಟರ್ ಇಳಿಜಾರೂ ಜಲಾಶಯಗಟ್ಟಲೆ ನೀರೂ ಇರುವುದರಿಂದ. ಅದೇ 2,000 ಲೀಟರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಿದರೆ 2.3 ಯೂನಿಟ್ ಅದರೊಳಗೆ ಕೂರುತ್ತದೆ ಎಂದು ತೋರಿಸಿದಾಗ ಹುಡುಗ ಕ್ಯಾಲ್ಕುಲೇಟರನ್ನು ಮತ್ತೆ ಒತ್ತಿ ನೋಡಿದ. ಮನೆಯ ಅಳತೆಯಲ್ಲಿ ನೀರಿನ ಎತ್ತರಕ್ಕಿಂತ ನೀರಿನ ಬಿಸಿ ದೊಡ್ಡ ಉಗ್ರಾಣ.

ಪಂಪನ್ನು ಮಧ್ಯಾಹ್ನಕ್ಕೆ ಸರಿಸಿದ್ದು ಬೇರೆ ಕಾರಣಕ್ಕೆ. ಮೋಟಾರ್ ಶುರುವಾಗುವ ಕ್ಷಣ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಆ ಎಳೆತ ಬೆಳಗಿನ ಗದ್ದಲದಲ್ಲಿ ಬರಬಾರದು. ಮಧ್ಯಾಹ್ನವೇ ಟ್ಯಾಂಕ್ ತುಂಬಿದ್ದರೆ ರಾತ್ರಿ ಕರೆಂಟ್ ಹೋದರೂ ನೀರಿಗೆ ತೊಂದರೆ ಇಲ್ಲ, ಪಂಪನ್ನು ಬ್ಯಾಟರಿಯ ಮೇಲೆ ಓಡಿಸುವ ಪ್ರಮೇಯವೇ ಬರುವುದಿಲ್ಲ. ಮೇಲೊಂದು ಫ್ಲೋಟ್, ಸಂಪಿನಲ್ಲೊಂದು ಫ್ಲೋಟ್ ಕೊಟ್ಟೆ.

ಇನ್ವರ್ಟರ್ ಆಯ್ಕೆ

ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್ ಗ್ರಿಡ್ ಹೋದ ಕೂಡಲೇ ನಿಲ್ಲಬೇಕು. ನಿಲ್ಲದಿದ್ದರೆ ಕರೆಂಟ್ ಇಲ್ಲವೆಂದು ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಹಾಗಾಗಿ ಮನೆಯನ್ನು ಬೀದಿಯ ಲೈನಿನಿಂದ ಪೂರ್ತಿ ಬಿಡಿಸಿಕೊಂಡು ತಾನೇ ಗ್ರಿಡ್ ಕಟ್ಟಿಕೊಳ್ಳಬಲ್ಲ ಯಂತ್ರ ಬೇಕು. ದಾರಿ ಎರಡಿದ್ದವು. ಒಂದು, ಇದ್ದ ಸೋಲಾರ್ ಇನ್ವರ್ಟರನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಬ್ಯಾಟರಿ ಇನ್ವರ್ಟರ್ ಇಡುವುದು. ಕರೆಂಟ್ ಹೋದಾಗ ಬ್ಯಾಟರಿ ಇನ್ವರ್ಟರ್ ತನ್ನ ಆವರ್ತನವನ್ನು 50 ಹರ್ಟ್ಜ್‌ಗಿಂತ ಮೇಲಕ್ಕೇರಿಸಿ ಸೋಲಾರ್ ಇನ್ವರ್ಟರನ್ನು ತಗ್ಗಿಸುತ್ತದೆ. ಆದರೆ ತಗ್ಗುವಷ್ಟರಲ್ಲಿ ಬರುವ ಪೂರ್ತಿ ಉತ್ಪಾದನೆಯನ್ನು ಬ್ಯಾಟರಿ ನುಂಗಬೇಕು. 5 ಕಿಲೋವ್ಯಾಟನ್ನು ನೆಮ್ಮದಿಯಾಗಿ ನುಂಗಲು 5.12 ಯೂನಿಟ್ಟಿನ ಎರಡು ಬ್ಯಾಟರಿ ಬೇಕಾಗುತ್ತಿತ್ತು. ಎರಡನೆಯ ದಾರಿ, ಹಳೆಯದನ್ನು ತೆಗೆದು, ಪ್ಯಾನೆಲ್, ಬ್ಯಾಟರಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ನೋಡಿಕೊಳ್ಳುವ 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್ ಹಾಕುವುದು. ಪ್ಯಾನೆಲ್ ಉತ್ಪಾದನೆಯನ್ನು ಅದು ಡಿಸಿ ಕಡೆಯಲ್ಲೇ ಹತೋಟಿಯಲ್ಲಿಡುತ್ತದೆ, ಒಂದೇ ಬ್ಯಾಟರಿ ಸಾಕು. ಇದನ್ನೇ ಆರಿಸಿದೆವು. ನೆಟ್ ಮೀಟರಿಂಗ್ ಒಪ್ಪಂದದಲ್ಲಿ ಇನ್ವರ್ಟರಿನ ವಿವರವೂ ಇರುವುದರಿಂದ ಬದಲಾವಣೆಗೆ ಮೊದಲೇ ವಿದ್ಯುತ್ ನಿಗಮಕ್ಕೆ ಅರ್ಜಿ ಕೊಟ್ಟು, ಒಪ್ಪಿಗೆ ಬಂದ ಮೇಲೆಯೇ ಹಳೆಯದನ್ನು ಇಳಿಸಿದ್ದು.

ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳ ಒಟ್ಟು ವೋಲ್ಟೇಜ್ (ಸ್ಟ್ರಿಂಗ್ ವೋಲ್ಟೇಜ್) ನೋಡದೆ ಹೈಬ್ರಿಡ್ ಕೊಳ್ಳಬಾರದು. ನಮ್ಮ ಪ್ಯಾನೆಲ್ಲಿನ ಲೋಡ್ ಇಲ್ಲದಾಗಿನ (ತೆರೆದ) ವೋಲ್ಟೇಜ್ 49.5, ಒಂಬತ್ತಕ್ಕೆ 446. ಚಳಿಯಲ್ಲಿ ಅದು ಏರುತ್ತದೆ, ಡಿಗ್ರಿಗೆ ಸುಮಾರು 0.27 ಶೇಕಡಾ. ಮೈಸೂರಿನ ಡಿಸೆಂಬರ್ ಮುಂಜಾವಿಗೆ 10 ಡಿಗ್ರಿ ಎಂದು ಹಿಡಿದರೂ 464 ಆಗುತ್ತದೆ. ಇನ್ವರ್ಟರಿನ ಮಿತಿ 500. ಹತ್ತನೆಯ ಪ್ಯಾನೆಲ್ ಸೇರಿಸಿದ್ದರೆ ಮಿತಿ ಮೀರುತ್ತಿತ್ತು.

ಕೊಂಡ ಬ್ಯಾಟರಿ ಮೇಲೆ ಹೇಳಿದ 5.12 ಯೂನಿಟ್ಟಿನದು, 3.2 ವೋಲ್ಟಿನ 16 ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಐರನ್ ಫಾಸ್ಫೇಟ್ ಪೆಟ್ಟಿಗೆ. ಮೆಟ್ಟಿಲ ಕೆಳಗೆ ಗಾಳಿಯಾಡುವ, ಮಲಗುವ ಕೋಣೆಗೆ ತಾಗದ ಗೋಡೆಗೆ ಕಲ್ಲಿನ ಚಪ್ಪಡಿಯ ಮೇಲೆ ಕೂರಿಸಿದೆವು. ಬ್ಯಾಟರಿಯ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಒಳಗಿನ ಬೋರ್ಡ್) ಮಿತಿ 100 ಆಂಪಿಯರ್. ಇನ್ವರ್ಟರ್ ಪೂರ್ತಿ 5 ಕಿಲೋವ್ಯಾಟ್ ಕೊಡಹೊರಟರೆ ಆ ಮಿತಿ ದಾಟುತ್ತದೆ, ಆಗ ಬಿಎಂಎಸ್ ಕತ್ತಲೆ ಮಾಡಿಬಿಡುತ್ತದೆ. ಅದಕ್ಕೇ ಸೆಟ್ಟಿಂಗಿನಲ್ಲಿ 80ಕ್ಕೆ ಕಟ್ಟಿಹಾಕಿದೆ. 35 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಹೈಡ್ರಾಲಿಕ್ ಕ್ರಿಂಪಿಂಗ್, ಬ್ಯಾಟರಿ ಬಾಯಲ್ಲೇ ಕ್ಲಾಸ್ ಟಿ ಫ್ಯೂಸ್, ಆಮೇಲೆ ಡಿಸಿ ಬ್ರೇಕರ್. ಇಲ್ಲಿ ಎಸಿ ಎಂಸಿಬಿ ಹಾಕುವುದನ್ನು ಹಲವು ಕಡೆ ನೋಡಿದ್ದೇನೆ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ, ಬ್ರೇಕರ್ ಕರಗುತ್ತದೆ. ಹಳೆಯ ಟ್ಯೂಬುಲರ್ ಬ್ಯಾಟರಿಗಳನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಮಾರಾಟಗಾರರಿಗೇ ಒಪ್ಪಿಸಿ ರಸೀದಿ ಪಡೆದೆವು.

ಮೆಟ್ಟಿಲ ದೀಪದ ನ್ಯೂಟ್ರಲ್

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದು. ಮನೆಯ ಸರ್ಕ್ಯೂಟುಗಳೆಲ್ಲ ಕೂಡುವ ಡಿಬಿಯನ್ನು (ಸ್ವಿಚ್ ಪೆಟ್ಟಿಗೆ) ಎರಡಾಗಿ ಒಡೆದಿದ್ದೆ. ಕರೆಂಟ್ ಹೋದರೂ ಇರಬೇಕಾದ ದೀಪ, ಫ್ಯಾನ್, ಫ್ರಿಜ್, ರೂಟರ್, ಮಿಕ್ಸಿ ಬ್ಯಾಕಪ್ ಕಡೆ, ಕಾಯಿಲ್, ಗೀಸರ್, ಇಸ್ತ್ರಿ, ಸ್ಕೂಟರ್ ಚಾರ್ಜರ್, ಪಂಪ್ ಗ್ರಿಡ್ ಕಡೆ. ಎರಡಕ್ಕೂ ಕರೆಂಟ್ ಸೋರಿದರೆ ಕಳಚುವ ಬೇರೆ ಬೇರೆ ಆರ್‌ಸಿಸಿಬಿ, ಕರೆಂಟ್ ವಾಪಸ್ ಬರುವ ವೈರುಗಳು ಕೂಡುವ ಬೇರೆ ಬೇರೆ ನ್ಯೂಟ್ರಲ್ ಬಾರ್. ಹಗಲೆಲ್ಲ ಸರಿಯಾಗಿತ್ತು. ಕತ್ತಲಾದ ಮೇಲೆ ಆಗೊಮ್ಮೆ ಈಗೊಮ್ಮೆ ಬ್ಯಾಕಪ್ ಕಡೆಯ ಆರ್‌ಸಿಸಿಬಿ ಬೀಳುತ್ತಿತ್ತು. ಹೊಸ ಇನ್ವರ್ಟರ್ ಮೇಲೆಯೇ ಎಲ್ಲರ ಅನುಮಾನ.

ಸುಳಿವು ಕೊಟ್ಟವರು ಅಜ್ಜಿ. "ನಾನು ದೇವರ ದೀಪ ಹಚ್ಚಿ ಮೇಲೆ ಹೋಗೋವಾಗ್ಲೇ ಹೋಗತ್ತೆ ಕಣಪ್ಪ" ಅಂದರು. ಮೇಲೆ ಹೋಗುವಾಗ ಅವರು ಹಾಕುವುದು ಮೆಟ್ಟಿಲ ದೀಪ.

ಆರ್‌ಸಿಸಿಬಿ ನೋಡುವುದು ಒಂದೇ ವಿಷಯ: ಫೇಸಿನಲ್ಲಿ ಹೊರಗೆ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ? ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಬೀಳಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬ್ ಎಳೆಯುವುದು 40 ಮಿಲಿಆಂಪಿಯರ್ ಆಸುಪಾಸು. ಅಂದರೆ ಒಂದೇ ಒಂದು ಬಲ್ಬಿನ ನ್ಯೂಟ್ರಲ್ ದಾರಿ ತಪ್ಪಿದರೂ ಸಾಕು. ಎರಡೂ ನ್ಯೂಟ್ರಲ್ ಬಾರುಗಳನ್ನು ಬಿಡಿಸಿ, ನಡುವೆ ಮೀಟರ್ ಹಿಡಿದು, ಒಂದೊಂದೇ ವೈರ್ ಕಳಚುತ್ತ ಹೋದೆವು. ಮನೆ ಕಟ್ಟಿದ ಕಾಲದಲ್ಲಿ ಮೆಟ್ಟಿಲ ದೀಪದ ಟೂ-ವೇ ಸ್ವಿಚ್ಚಿಗೆ ಫೇಸನ್ನು ಕೆಳಗಿನ ಹಾಲ್‌ನಿಂದ ತಂದಿದ್ದರು, ನ್ಯೂಟ್ರಲನ್ನು ಹತ್ತಿರವಾಯಿತೆಂದು ಮೇಲಿನ ಬಚ್ಚಲಿನ ಗೀಸರ್ ಪಾಯಿಂಟಿನಿಂದ ಎಳೆದಿದ್ದರು. ಒಂದೇ ಡಿಬಿ ಇದ್ದಷ್ಟು ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಫೇಸ್ ಬ್ಯಾಕಪ್ ಕಡೆಯದು, ನ್ಯೂಟ್ರಲ್ ಗ್ರಿಡ್ ಕಡೆಯದು.

ಇದನ್ನು ಸಣ್ಣದೆಂದು ಬಿಟ್ಟು ಆರ್‌ಸಿಸಿಬಿ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಬಾರದು. ಕರೆಂಟ್ ಹೋಗಿ ಇನ್ವರ್ಟರ್ ಗ್ರಿಡ್‌ನಿಂದ ಬಿಡಿಸಿಕೊಂಡಾಗ, ಇಂಥ ಒಂದು ವೈರಿನ ಮೂಲಕ ಮನೆಯ ಕರೆಂಟಿಗೆ ಬೀದಿಯ ನ್ಯೂಟ್ರಲ್ ಜೊತೆ ನಂಟು ಉಳಿದುಬಿಡುತ್ತದೆ. ಹಳೆಯ ಪೈಪಿನಲ್ಲಿ ಬಾಗುಗಳು ಹೆಚ್ಚಿದ್ದವು, ವೈರ್ ಎಳೆಯುವ ಸ್ಪ್ರಿಂಗ್ ಹೋಗಲಿಲ್ಲ. ಇದ್ದ ವೈರಿಗೇ ಹೊಸದನ್ನು ಕಟ್ಟಿ, ನನ್ನ ಜೊತೆ ಕೆಲಸ ಮಾಡುವ ಹುಡುಗ ಮೇಲಿನಿಂದ ತಳ್ಳುತ್ತ ನಾನು ಕೆಳಗಿನಿಂದ ಎಳೆಯುತ್ತ 1.5 ಚದರ ಮಿಲಿಮೀಟರಿನ ಹೊಸ ನ್ಯೂಟ್ರಲ್ ಎಳೆದೆವು. ಆಮೇಲೆ ಎರಡೂ ಕಡೆಯ ಇನ್ಸುಲೇಶನನ್ನು 500 ವೋಲ್ಟಿನ ಮೆಗ್ಗರ್‌ನಿಂದ ಪರೀಕ್ಷಿಸಿದ ಮೇಲೆಯೇ ಡಿಬಿ ಮುಚ್ಚಿದ್ದು. ಹೈಬ್ರಿಡ್ ಹಾಕುವ ಎಲ್ಲ ಎಲೆಕ್ಟ್ರಿಷಿಯನ್ ಗೆಳೆಯರಿಗೂ ನನ್ನ ಕೋರಿಕೆ: ಹಳೆ ಮನೆಯಾದರೆ ಇನ್ವರ್ಟರ್ ಡಬ್ಬ ಬಿಚ್ಚುವ ಮೊದಲೇ ಮೆಟ್ಟಿಲ ದೀಪ ಮತ್ತು ಗೇಟಿನ ದೀಪದ ನ್ಯೂಟ್ರಲ್ ಎಲ್ಲಿಗೆ ಹೋಗುತ್ತದೆಂದು ನೋಡಿಕೊಳ್ಳಿ.

ನಿಯಂತ್ರಕ

ಇವನ್ನೆಲ್ಲ ಹೊತ್ತು ನೋಡಿ ಹಚ್ಚಿ ಆರಿಸಲು ಒಂದು ಇಎಸ್‌ಪಿ32 ಬೋರ್ಡ್ (ಚಿಕ್ಕ ಕಂಪ್ಯೂಟರ್), ಮೀಟರ್ ಓದಲು ಆರ್‌ಎಸ್485 ಚಿಪ್, ಮೇನ್ ಲೈನಿನ ಎನರ್ಜಿ ಮೀಟರ್, ಕಾಯಿಲ್, ಪಂಪ್, ಸ್ಕೂಟರ್, ಗೀಸರ್‌ಗೆ ಒಂದೊಂದು ಕಾಂಟ್ಯಾಕ್ಟರ್ (ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್). ಇಷ್ಟೇ. ಬೋರ್ಡಿನ ಜೊತೆ ಬರುವ ನೀಲಿ ರಿಲೇಗಳ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, 2 ಕಿಲೋವ್ಯಾಟ್ ಕಾಯಿಲ್ ಎಳೆಯುವುದು 8.7 ಆಂಪಿಯರ್. ಹಾಗೆಂದು ಅದರ ಮೇಲೆ ದಿನಾ ನಾಲ್ಕು ಗಂಟೆ ಓಡಿಸಿದರೆ ರಿಲೇ ಕಾಲು ಸುಡುತ್ತದೆ. ರಿಲೇ ಕೆಲಸ ಕಾಂಟ್ಯಾಕ್ಟರಿನ ಕಾಯಿಲ್ ಎಳೆಯುವುದಷ್ಟೇ ಆಗಿರಬೇಕು. ಕಾಂಟ್ಯಾಕ್ಟರ್ ಬಿಡುವಾಗ ಹುಟ್ಟುವ ವೋಲ್ಟೇಜ್ ಹೊಡೆತಕ್ಕೆ ಬೋರ್ಡ್ ರೀಸೆಟ್ ಆಗದಂತೆ ಪ್ರತಿ ಕಾಂಟ್ಯಾಕ್ಟರ್ ಕಾಯಿಲಿಗೂ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಜೋಡಿಸಿದೆ. ಆರ್‌ಎಸ್485 ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್.

ವೈ-ಫೈ ಇದ್ದರೆ ಮೊಬೈಲಿನಲ್ಲಿ ನೋಡಬಹುದು, ಇಲ್ಲದಿದ್ದರೂ ತೀರ್ಮಾನಗಳೆಲ್ಲ ಬೋರ್ಡಿನಲ್ಲೇ ಆಗುತ್ತವೆ. ಅಂತರ್ಜಾಲ ಹೋಯಿತೆಂದು ಮನೆಯ ಬಿಸಿನೀರು ನಿಲ್ಲಬಾರದು. ಬೋರ್ಡ್ ಕೆಟ್ಟರೆ ಕೈಯಿಂದ ಹಾಕಲು ಪ್ರತಿ ಕಾಂಟ್ಯಾಕ್ಟರಿಗೂ ಒಂದು ಸ್ವಿಚ್ ಇದೆ, ಅದಕ್ಕೆ ಕನ್ನಡದಲ್ಲೇ ಚೀಟಿ ಅಂಟಿಸಿದ್ದೇನೆ.

ನಿಯಮಗಳು ಸರಳ. ಹೊರಗೆ ಹೋಗುತ್ತಿರುವುದು 1.5 ಕಿಲೋವ್ಯಾಟ್ ದಾಟಿ ಐದು ನಿಮಿಷ ನಿಂತರೆ ಕಾಯಿಲ್ ಹತ್ತುತ್ತದೆ. ಹತ್ತಿದ ಮೇಲೆ ಕನಿಷ್ಠ ಹತ್ತು ನಿಮಿಷ ಆರುವುದಿಲ್ಲ, ಮೋಡ ಬಂದು ಹೋಗುವಾಗಲೆಲ್ಲ ಕಾಂಟ್ಯಾಕ್ಟರ್ ಟಕಟಕ ಎನ್ನಬಾರದು. ಹೆಚ್ಚುವರಿಗೆ ತಕ್ಕಂತೆ ಕಾಯಿಲನ್ನು ಏರಿಳಿಸುವ ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ರಿಲೇ) ಹಾಕಬಹುದಿತ್ತು. ಆದರೆ ಎಸ್‌ಎಸ್‌ಆರ್ ಕೆಡುವಾಗ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ, ನೀರು ಕುದಿಯುವ ಜಾಗದಲ್ಲಿ ಅದು ನನಗೆ ಬೇಡ. ನೆಟ್ ಮೀಟರ್ ಇರುವಾಗ ಅರ್ಧ ಕಿಲೋವ್ಯಾಟ್ ಹಿಂದುಮುಂದಾದರೆ ನಷ್ಟವೂ ಇಲ್ಲ. ನೀರು ಕಾದು ಕಾಯಿಲ್ ಆರಿದ ಮೇಲೆ ಸ್ಕೂಟರಿನ 750 ವ್ಯಾಟ್ ಚಾರ್ಜರ್. ಸ್ಕೂಟರ್ ಹಗಲು ಆಫೀಸಿಗೆ ಹೋದ ದಿನ ರಾತ್ರಿ ಹನ್ನೊಂದರ ನಂತರ. ಯಾವ ಹೊತ್ತಿನಲ್ಲೇ ಆಗಲಿ ಗ್ರಿಡ್‌ನಿಂದ ಎಳೆತ 4.2 ಕಿಲೋವ್ಯಾಟ್ ದಾಟಿ ಅರ್ಧ ನಿಮಿಷ ನಿಂತರೆ ಮೊದಲು ಕಾಯಿಲ್, ಆಮೇಲೆ ಸ್ಕೂಟರ್, ಆಮೇಲೆ ಗೀಸರ್ ಬಿಡುತ್ತವೆ. ಅಡುಗೆಮನೆಯನ್ನು ನಿಯಮ ಮುಟ್ಟುವುದಿಲ್ಲ. ಒಲೆಯ ಮೇಲೆ ಒಗ್ಗರಣೆ ಇಟ್ಟವರನ್ನು ಕಾಯಿಸುವ ಹಕ್ಕು ಯಾವ ಯಂತ್ರಕ್ಕೂ ಇಲ್ಲ.

ಬ್ಯಾಟರಿಯನ್ನು 90 ಶೇಕಡಾಗೆ ನಿಲ್ಲಿಸಿದ್ದೇನೆ. ಈ ಜಾತಿಯ ಸೆಲ್‌ಗಳು ಸದಾ ತುಂಬಿ ನಿಂತರೆ ಬೇಗ ಮುಪ್ಪಾಗುತ್ತವೆ. ತಿಂಗಳಿಗೊಮ್ಮೆ ಮಾತ್ರ ನೂರಕ್ಕೆ ಒಯ್ಯುತ್ತದೆ, ಸೆಲ್‌ಗಳು ಸಮನಾಗಲು ಮತ್ತು ಬಿಎಂಎಸ್‌ನ ಲೆಕ್ಕ ಸರಿಹೋಗಲು. ವೋಲ್ಟೇಜ್ ನೋಡಿ ಇದರ ಹೊಟ್ಟೆ ತಿಳಿಯುವುದಿಲ್ಲ, 30ರಿಂದ 80ರವರೆಗೂ ಅದು ಹೆಚ್ಚುಕಮ್ಮಿ ಒಂದೇ ತೋರಿಸುತ್ತದೆ. ದಿನಾ ಸಂಜೆ ಬ್ಯಾಟರಿ ಖಾಲಿ ಮಾಡುವ ನಿಯಮವನ್ನು ಬರೆದಿಟ್ಟು ಆರಿಸಿದ್ದೇನೆ. ಹೋಗಿಬರುವ ದಾರಿಯಲ್ಲಿ ಹತ್ತಕ್ಕೊಂದು ಪಾಲು ಸೋರುತ್ತದೆ, ದರ ಒಂದೇ ಇರುವಾಗ ಆ ಸೋರಿಕೆಗೆ ಅರ್ಥವಿಲ್ಲ. ಮೀಟರಿಗೆ ಹೊತ್ತಿನ ದರ ಬಂದ ದಿನ ಅದನ್ನು ಹಚ್ಚುತ್ತೇವೆ.

ಇನ್ವರ್ಟರ್ ತಾನೇ ತಿನ್ನುವ 50 ವ್ಯಾಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಜೆಯಿಂದ ಬೆಳಗಿನವರೆಗೆ ಅದೇ 0.6 ಯೂನಿಟ್ ಆಗುತ್ತದೆ, ಮನೆಯ 3.1 ಸೇರಿದರೆ ಬ್ಯಾಟರಿ ಅಂಚಿಗೆ ಬರುತ್ತದೆ. ಅದಕ್ಕೆ ಬ್ಯಾಟರಿ 35ಕ್ಕೆ ಇಳಿದಾಗ ಮೇಲಿನ ಮನೆಯ ಎರಡನೆಯ ಫ್ರಿಜ್ ಮತ್ತು ಟಿವಿ ಪಾಯಿಂಟ್ ಕಳಚಿಕೊಳ್ಳುತ್ತವೆ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ.

ಈಗಿನ ಅಳತೆ

ಬೆಳಗಿನ ಗರಿಷ್ಠ ಎಳೆತ 6.4ರಿಂದ 2.8 ಕಿಲೋವ್ಯಾಟಿಗೆ ಇಳಿದಿದೆ, ಲೋಡ್ ಹೆಚ್ಚಿಸುವ ಮಾತು ನಿಂತಿದೆ. ಕಾಯಿಲ್ ಓಡುವಾಗ ಮಧ್ಯಾಹ್ನದ ವೋಲ್ಟೇಜ್ 248ರ ಸುತ್ತ ಇರುತ್ತದೆ. ಮೇ ತಿಂಗಳ ಗಾಳಿಮಳೆಗೆ ಬೀದಿಯ ಮರದ ಕೊಂಬೆ ಲೈನಿನ ಮೇಲೆ ಬಿದ್ದು ಸಂಜೆ 7.40ಕ್ಕೆ ಹೋದ ಕರೆಂಟ್ ರಾತ್ರಿ ಎರಡರ ಮೇಲೆ ಬಂತು. ಬ್ಯಾಟರಿ 90ರಿಂದ 47ಕ್ಕೆ ಇಳಿದಿತ್ತು, ಫ್ರಿಜ್ ಕಳಚುವ ಹಂತ ಬರಲೇ ಇಲ್ಲ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಟ್ಯಾಂಕಿನ ಬಿಸಿನೀರೂ ಇತ್ತು.

ಉಳಿದಿರುವುದು ಮಳೆಗಾಲ. ಜೂನ್ ಕೊನೆಯ ಮೋಡದಲ್ಲಿ ದಿನದ ಉತ್ಪಾದನೆ ಬೇಸಿಗೆಯ ಅರ್ಧಕ್ಕೆ ಬಂದು ನಿಂತಿದೆ. ಹೆಚ್ಚುವರಿ 1.5 ಕಿಲೋವ್ಯಾಟ್ ದಾಟುವುದೇ ಅಪರೂಪವಾದ್ದರಿಂದ ಟ್ಯಾಂಕ್ ಕೆಲವು ದಿನ 42ರಲ್ಲೇ ನಿಂತಿತು. ಅದಕ್ಕೊಂದು ನಿಯಮ ಸೇರಿಸಿದ್ದೇನೆ: ಮಧ್ಯಾಹ್ನ ಎರಡಕ್ಕೆ ನೀರು 45 ಮುಟ್ಟಿರದಿದ್ದರೆ ಹೆಚ್ಚುವರಿ ಎಷ್ಟೇ ಇರಲಿ, ನಾಲ್ಕರವರೆಗೆ ಕಾಯಿಲ್ ಓಡುತ್ತದೆ, ಕಡಿಮೆ ಬಿದ್ದದ್ದು ಗ್ರಿಡ್‌ನಿಂದ ಬರುತ್ತದೆ. ಅದು ಕೂಡ ಹಗಲಿನ ಕರೆಂಟೇ. ನೀರು ಬೆಚ್ಚಗೆ ಮಾತ್ರ ನಿಂತು ಬ್ಯಾಕ್ಟೀರಿಯಾ ಬೆಳೆಯದಂತೆ ವಾರಕ್ಕೊಮ್ಮೆ 60 ಮುಟ್ಟಿಸುವುದೂ ಅದರಲ್ಲೇ ಸೇರಿದೆ. ಆಗಸ್ಟಿನಲ್ಲಿ ಮ್ಯಾಗ್ನೀಸಿಯಂ ರಾಡ್ ಬಿಚ್ಚಿ ಸವೆತ ಅಳೆಯಬೇಕು, ಬ್ಯಾಟರಿ ಕೇಬಲ್ ತುದಿಯ ಲಗ್‌ಗಳನ್ನು ಲೋಡ್ ಹಾಕಿ ಥರ್ಮಲ್ ಕ್ಯಾಮೆರಾದಲ್ಲಿ ನೋಡಬೇಕು.